ಹಾಸನದ ನಡುವೂರಿನ ದುಬಾರಿ ಹೋಟೆಲಿನಲ್ಲಿ ತಂಗಿದವರಿಗೆ ಸಿಗುವುದೇನು

ಹಾಸನಕ್ಕೆ ಬಂದು ತಂಗುವವರಲ್ಲಿ ಬಹುಪಾಲು ಜನ ಹಾಸನವನ್ನೇ ನೋಡಲು ಬಂದವರಲ್ಲ. ಬೇಲೂರು ಇಲ್ಲಿಂದ ಸುಮಾರು 40 ಕಿಲೋಮೀಟರ್, ಹಳೇಬೀಡು 30ರ ಆಸುಪಾಸು, ಶ್ರವಣಬೆಳಗೊಳ 50, ಸಕಲೇಶಪುರ ಮತ್ತೆ 40. ಈ ದಾರಿಗಳೆಲ್ಲ ಕೂಡುವ ಊರಾದ್ದರಿಂದ ಹಗಲೆಲ್ಲ ಸುತ್ತಾಡಿದವರು ರಾತ್ರಿ ಮಲಗಲು ಇಲ್ಲಿಗೇ ಹಿಂದಿರುಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ದೂರದ ಊರುಗಳಿಂದ ಬರುವವರಿಗೆ ಒಳ್ಳೆಯ ಕೋಣೆಯ ಅಗತ್ಯ ಇನ್ನಷ್ಟು ಹೆಚ್ಚಿದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಕೆಲಸದ ಮೇಲೆ ಬರುವವರು, ವೈದ್ಯಕೀಯ ಕಾಲೇಜಿನ ಪರೀಕ್ಷೆಗಳಿಗೆ ಬರುವ ಪರೀಕ್ಷಕರು, ಮದುವೆಗೆ ಬರುವ ನೆಂಟರು ಸಹ ಇದೇ ಕೋಣೆಗಳಲ್ಲಿ ಇಳಿದುಕೊಳ್ಳುತ್ತಾರೆ. ಆದ್ದರಿಂದ ಇಂಥ ಹೋಟೆಲೊಂದನ್ನು ಅಳೆಯಬೇಕಾದದ್ದು ಅದರ ಲಾಬಿಯ ಅಮೃತಶಿಲೆಯಿಂದಲ್ಲ, ರಾತ್ರಿ ಹತ್ತು ಗಂಟೆಗೆ ದಣಿದು ಬಂದವರನ್ನು ಮತ್ತು ಬೆಳಗ್ಗೆ ಆರಕ್ಕೆ ಹೊರಡುವವರನ್ನು ಅದು ಹೇಗೆ ನೋಡಿಕೊಳ್ಳುತ್ತದೆ ಎಂಬುದರಿಂದ ಎಂದು ನಾನು ನಂಬುತ್ತೇನೆ.

ಬಿ.ಎಂ. ರಸ್ತೆಗೆ ಮುಖ ಮಾಡಿರುವ, ನಗರದ ದುಬಾರಿ ಹೋಟೆಲುಗಳ ಸಾಲಿಗೆ ಸೇರಿದ ಒಂದು ಹೋಟೆಲಿನಲ್ಲಿ ತಾಯಿ ಮತ್ತು ಚಿಕ್ಕಮ್ಮನವರೊಂದಿಗೆ ಇತ್ತೀಚೆಗೆ ತಂಗಿದ್ದೆ. ಕೊರತೆಗಳನ್ನೂ ಬರೆಯುತ್ತಿರುವುದರಿಂದ ಮತ್ತು ಅದರ ಹೊರೆ ಅಲ್ಲಿ ದುಡಿಯುವ ಹುಡುಗರ ಮೇಲೆ ಬೀಳಬಾರದೆಂಬ ಕಾರಣಕ್ಕೆ ಹೋಟೆಲಿನ ಹೆಸರನ್ನು ಹೇಳುತ್ತಿಲ್ಲ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಈ ದರ್ಜೆಯ ಯಾವ ಹೋಟೆಲಿಗೆ ಹೋದರೂ ವಿಚಾರಿಸಿಕೊಳ್ಳಬೇಕಾದ ಸಂಗತಿಯೇ ಆಗಿದೆ.

ಮೊದಲಿಗೆ ಸ್ವಾಗತದ ಮಾತು. ಬೆಂಗಳೂರಿನಿಂದ ಸುಮಾರು 185 ಕಿಲೋಮೀಟರ್ ಕಾರಿನಲ್ಲಿ ಕುಳಿತು ಬಂದಿದ್ದರಿಂದ ಇಬ್ಬರು ಹಿರಿಯರಿಗೂ ಮಂಡಿ ಹಿಡಿದುಕೊಂಡಿತ್ತು. ಕೌಂಟರಿನಲ್ಲಿದ್ದ ಯುವತಿ ಅವರು ನಡೆದು ಬರುತ್ತಿದ್ದ ರೀತಿಯನ್ನು ನೋಡಿದ್ದೇ, "ಅಮ್ಮಾ, ನೀವು ಅಲ್ಲೇ ಕೂತ್ಕೊಳ್ಳಿ, ಬುಕ್ಕು ನಾನೇ ತರ್ತೀನಿ" ಎಂದು ಹೇಳಿ, ರಿಜಿಸ್ಟರ್ ಮತ್ತು ಪೆನ್ನನ್ನು ಸೋಫಾದ ಬಳಿಗೆ ತಂದು, ಮೊಣಕಾಲೂರಿ ಕುಳಿತು, ಸಹಿ ಮಾಡಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಆಧಾರ್‌ನ ಪೂರ್ತಿ ಸಂಖ್ಯೆ ಕಾಣುವ ಪ್ರತಿಗೆ ಬದಲಾಗಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಟ್ಟಾಗ ಚಕಾರವೆತ್ತದೆ ತೆಗೆದುಕೊಂಡಳು. ಎಷ್ಟೋ ಹೋಟೆಲುಗಳಲ್ಲಿ ಇದಕ್ಕಾಗಿ ವಾದ ಮಾಡಬೇಕಾಗುತ್ತದೆ ಎಂಬುದನ್ನು ಪ್ರಯಾಣ ಮಾಡುವವರು ಬಲ್ಲರು. ನಾವು ತಲುಪಿದಾಗ ಕೋಣೆ ಸಿದ್ಧವಾಗಿತ್ತು, ಲಿಫ್ಟ್ ಕೆಲಸ ಮಾಡುತ್ತಿತ್ತು, ಸಾಮಾನು ನಮಗಿಂತ ಮೊದಲೇ ಕೋಣೆ ಸೇರಿತ್ತು.

ಕೋಣೆ ವಿಶಾಲವಾಗಿದೆ, ಹಾಸಿಗೆ ಗಟ್ಟಿಯಾಗಿದೆ, ಹೊದಿಕೆ ಮತ್ತು ದಿಂಬಿನ ಚೀಲಗಳು ನಿಜವಾಗಿಯೂ ಶುಭ್ರವಾಗಿವೆ. ತೊಂದರೆ ಇರುವುದು ಕಿಟಕಿಯಲ್ಲಿ. ರಸ್ತೆಯ ಕಡೆಯ ಕೋಣೆಗಳಿಗೆ ಒಂದೇ ಪದರದ ಗಾಜು ಹಾಕಿರುವುದರಿಂದ ಬಸ್ಸು ಮತ್ತು ಲಾರಿಗಳ ಹಾರನ್ ತಡರಾತ್ರಿಯವರೆಗೂ ದಿಂಬಿನ ಪಕ್ಕದಲ್ಲೇ ಕೇಳಿಸುತ್ತದೆ. ಇದರ ಜೊತೆಗೆ ಕೆಳಗಿನ ಅಂತಸ್ತಿನ ಪಾರ್ಟಿ ಹಾಲ್‌ನಲ್ಲಿ ಆರತಕ್ಷತೆಯೊಂದು ನಡೆಯುತ್ತಿತ್ತು. ಮದುವೆಮನೆಯವರ ಸಂಭ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ರಾತ್ರಿ ಹತ್ತು ಗಂಟೆ ಕಳೆದ ಮೇಲೂ ಆರ್ಕೆಸ್ಟ್ರಾದ ಸದ್ದು ಮೂರನೆಯ ಮಹಡಿಯ ನೆಲವನ್ನು ನಡುಗಿಸುತ್ತಿತ್ತೆಂದರೆ ಹಾಲ್ ಬಾಡಿಗೆಗೆ ಕೊಟ್ಟವರ ಹೊಣೆಯೂ ಅದರಲ್ಲಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ಮಿತಿ 55 ಡೆಸಿಬಲ್. ಆ ಹೊತ್ತಿನಲ್ಲಿ ಧ್ವನಿವರ್ಧಕ ಬಳಸುವುದಿದ್ದರೆ ಅದು ಹೊರಗೆ ಕೇಳಿಸದಂತೆ ಮುಚ್ಚಿದ ಸಭಾಂಗಣದೊಳಗೇ ಉಳಿಯಬೇಕು. ಅದೇ ಕಟ್ಟಡದಲ್ಲಿ ಮಲಗಲೆಂದು ಹಣ ಕೊಟ್ಟವರಿರುವಾಗ ಈ ನಿಯಮವನ್ನು ಹೋಟೆಲಿನವರು ಯಾರೂ ಕೇಳುವ ಮೊದಲೇ ಪಾಲಿಸಬೇಕಾಗಿತ್ತು.

ದೂರು ಹೇಳಿದ ಮೇಲೆ ನಡೆದದ್ದು ಮಾತ್ರ ಮೆಚ್ಚುವಂಥದ್ದು. ರಾತ್ರಿ ಪಾಳಿಯ ಮೇಲ್ವಿಚಾರಕರು ಸ್ವತಃ ಮೇಲೆ ಬಂದು, ಕೋಣೆಯ ಮಧ್ಯದಲ್ಲಿ ನಿಂತು, ಎರಡು ನಿಮಿಷ ಮಾತನಾಡದೆ ಆ ಸದ್ದನ್ನು ಕೇಳಿಸಿಕೊಂಡರು. ಸಮಜಾಯಿಷಿ ಕೊಡಲಿಲ್ಲ, ಬೇರೆ ಯಾರೂ ದೂರಿಲ್ಲವೆಂದು ಹೇಳಲಿಲ್ಲ. ಹಿಂಭಾಗದಲ್ಲಿ ಖಾಲಿಯಿದ್ದ ಕೋಣೆಯನ್ನು ತೆರೆಸಿ, ಹಿರಿಯರ ಔಷಧದ ಚೀಲದಿಂದ ಹಿಡಿದು ಒಗೆದು ಹರವಿದ್ದ ಟವೆಲಿನವರೆಗೆ ಎಲ್ಲವನ್ನೂ ಸಾಗಿಸಿಕೊಟ್ಟರು. ಹಿಂಭಾಗದ ಕೋಣೆಗಳು ಮನೆಗಳ ಸಾಲಿನ ಕಡೆಗಿವೆ, ಕಿಟಕಿಯಾಚೆ ತೆಂಗಿನ ಮರಗಳಿವೆ, ಬೆಳಗಿನ ಜಾವದವರೆಗೂ ಗಾಢ ನಿದ್ರೆ ಬರುವಷ್ಟು ನಿಶ್ಶಬ್ದವಿದೆ. ಎರಡೂ ಕಡೆಯ ಕೋಣೆಗಳಿಗೆ ಒಂದೇ ದರವಿರುವುದು ನನಗೆ ಸರಿಕಾಣಲಿಲ್ಲ.

ಸ್ನಾನದ ಮನೆಯ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಹೋಟೆಲಿನ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಗಾಜಿನ ಗೋಡೆಯ ಶವರ್, ಎರಡು ಬಗೆಯ ಸಾಬೂನು, ಕೂದಲು ಒಣಗಿಸುವ ಯಂತ್ರ ಎಲ್ಲವೂ ಇವೆ. ಆದರೆ ಬಕೆಟ್ ಮತ್ತು ಮಗ್ ಇರಲಿಲ್ಲ. ಎಪ್ಪತ್ತು ದಾಟಿದ, ಜೀವನವಿಡೀ ಹಂಡೆಯ ನೀರನ್ನು ತೋಡಿಕೊಂಡು ಸ್ನಾನ ಮಾಡಿದ ಹೆಂಗಸರಿಗೆ ತಲೆಯ ಮೇಲಿನಿಂದ ಸುರಿಯುವ ಶವರಿನಡಿ ನಿಲ್ಲುವುದು ಕಷ್ಟ, ಅಪಾಯವೂ ಹೌದು. ಕೇಳಿದ ಕೂಡಲೇ ಬಕೆಟ್, ಮಗ್ ಮತ್ತು ಪ್ಲಾಸ್ಟಿಕ್ ಸ್ಟೂಲ್ ಬಂದವು. ಮರುದಿನ ಕೋಣೆ ಗುಡಿಸಲು ಬಂದ ಹೆಣ್ಣುಮಗಳು ನಾವು ಹೇಳದಿದ್ದರೂ ಸ್ಟೂಲಿನ ಕೆಳಗೆ ಜಾರದಂತೆ ರಬ್ಬರ್ ಹಾಸನ್ನು ಹಾಕಿ ಹೋಗಿದ್ದಳು. ಸಿಬ್ಬಂದಿಗೆ ಇಷ್ಟು ತಿಳಿವಳಿಕೆ ಇರುವಾಗ ಆಡಳಿತದವರು ಕಮೋಡಿನ ಪಕ್ಕ ಹಿಡಿದು ಏಳಲು ಒಂದು ಸ್ಟೀಲ್ ಹಿಡಿಕೆಯನ್ನು ಕೂರಿಸದೆ ಬಿಟ್ಟಿರುವುದು ಬೇಸರದ ಸಂಗತಿ. ಶವರ್ ಜಾಗಕ್ಕೂ ಹೊರಗಿನ ನೆಲಕ್ಕೂ ನಡುವೆ ಒಂದು ಅಂಚುಗಟ್ಟೆ ಇದೆ, ನೆಲ ಮತ್ತು ಕಟ್ಟೆ ಎರಡೂ ಒಂದೇ ಬೂದುಬಣ್ಣದ ಟೈಲ್ಸ್ ಆದ್ದರಿಂದ ಕಣ್ಣು ಮಂಜಾದವರಿಗೆ ಅದು ಕಾಣುವುದೇ ಇಲ್ಲ. ಬೇರೆ ಬಣ್ಣದ ಒಂದು ಪಟ್ಟಿ ಅಂಟಿಸಿದ್ದರೂ ಸಾಕಿತ್ತು. ಬಿಸಿನೀರು ಯಾವ ಹೊತ್ತಿನಲ್ಲಾದರೂ ಬರುತ್ತದೆ, ಆದರೆ ಬೆಳಗಿನ ಹೊತ್ತು ಮೊದಲ ಒಂದು ಬಕೆಟ್ ತಣ್ಣೀರು ಹರಿದ ಮೇಲೆ.

ಊಟ ತಿಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡಾಗಿ ಒಡೆದಿದೆ. ಬೆಳಗಿನ ತಿಂಡಿ ಕೋಣೆಯ ಬಾಡಿಗೆಯಲ್ಲೇ ಸೇರಿದೆ. ಸಾಲಾಗಿ ಜೋಡಿಸಿಟ್ಟ ಪಾತ್ರೆಗಳಲ್ಲಿ ಇಡ್ಲಿ, ವಡೆ, ಪೊಂಗಲ್, ಪೂರಿ ಎಲ್ಲವೂ ಇದ್ದವು, ಎಲ್ಲವೂ ಎಲ್ಲ ಊರಿನಲ್ಲೂ ಸಿಗುವ ರುಚಿಯಲ್ಲೇ ಇದ್ದವು. ಮೂಲೆಯಲ್ಲಿ ಮಾತ್ರ ಒಬ್ಬರು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಕಾಯಿತುರಿ, ಜೀರಿಗೆ ಕಲಸಿದ ಹಿಟ್ಟನ್ನು ಬಾಳೆಯೆಲೆಯ ಮೇಲೆ ಬೆರಳ ತುದಿಯಿಂದ ತೆಳ್ಳಗೆ ತಟ್ಟಿ, ಕಾವಲಿಗೆ ಮಗುಚಿ ಹಾಕಿ, ಎಲೆ ಬಾಡಿದ ಮೇಲೆ ಬಿಡಿಸಿ ತೆಗೆದು, ನಡುವೆ ಮೂರು ತೂತು ಮಾಡಿ ಎಣ್ಣೆ ಬಿಡುತ್ತಿದ್ದರು. ಅಂಚು ಗರಿಗರಿಯಾಗಿ ಕೆಂಪಗಾಗಿದ್ದ ಆ ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿಪುಡಿ ಮತ್ತು ಬೆಣ್ಣೆ ಇತ್ತು. ಚಿಕ್ಕಮ್ಮನವರು ಬೇರೆ ಯಾವ ಪಾತ್ರೆಯ ಮುಚ್ಚಳವನ್ನೂ ತೆಗೆಯಲಿಲ್ಲ. ಆ ರೊಟ್ಟಿಯ ಬಗ್ಗೆ ಫಲಕದಲ್ಲಿ ಒಂದು ಸಾಲೂ ಇಲ್ಲದಿದ್ದುದರಿಂದ ಉತ್ತರದ ಕಡೆಯಿಂದ ಬಂದ ಅತಿಥಿಗಳು ಅದೇನೆಂದು ತಿಳಿಯದೆ ಬ್ರೆಡ್ಡಿನ ಕಡೆಗೆ ನಡೆದುಹೋಗುತ್ತಿದ್ದರು.

ಕಾಫಿಯ ವಿಷಯ ನನ್ನನ್ನು ನಿಜವಾಗಿಯೂ ನೋಯಿಸಿತು. ಕರ್ನಾಟಕದಲ್ಲಿ ಕಾಫಿ ಬೆಳೆಯುವ ಮೂರು ಮುಖ್ಯ ಜಿಲ್ಲೆಗಳಲ್ಲಿ ಹಾಸನವೂ ಒಂದು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳು ಈ ಹೋಟೆಲಿನಿಂದ ಒಂದು ಗಂಟೆಯ ದಾರಿಯೊಳಗಿವೆ. ಹೀಗಿರುವಾಗ ತಿಂಡಿಯ ಕೋಣೆಯಲ್ಲಿಟ್ಟಿದ್ದುದು ಗುಂಡಿ ಒತ್ತಿದರೆ ಪುಡಿ, ಹಾಲುಪುಡಿ, ಸಕ್ಕರೆ ಮೂರನ್ನೂ ಒಟ್ಟಿಗೆ ಸುರಿಯುವ ಯಂತ್ರ. ಡಿಕಾಕ್ಷನ್ ಹಾಕಿದ ಕಾಫಿ ಸಿಗುವುದೇ ಎಂದು ಕೇಳಿದಾಗ ಬಡಿಸುವ ಹುಡುಗ ಅಡುಗೆಮನೆಗೆ ಹೋಗಿ, ಹಬೆಯಾಡುವ ಸ್ಟೀಲ್ ಲೋಟದಲ್ಲಿ ತಂದುಕೊಟ್ಟ. ಘಮ ಮತ್ತು ಕಹಿ ಹದವಾಗಿ ಬೆರೆತ, ಚಿಕೋರಿ ಕಡಿಮೆಯಿದ್ದ ಆ ಕಾಫಿ ಸಿಬ್ಬಂದಿ ತಮಗಾಗಿ ಇಳಿಸಿಕೊಳ್ಳುವ ಡಿಕಾಕ್ಷನ್‌ನದಂತೆ. ಒಳಗೆ ಅಷ್ಟು ಒಳ್ಳೆಯದಿದ್ದು ಹೊರಗೆ ಯಂತ್ರದ ಕಾಫಿಯನ್ನಿಡುವ ನಿರ್ಧಾರವನ್ನು ಆಡಳಿತದವರು ದಯವಿಟ್ಟು ಮತ್ತೊಮ್ಮೆ ಯೋಚಿಸಬೇಕು.

ರಾತ್ರಿಯ ಊಟದ ಪಟ್ಟಿಯಲ್ಲೂ ಇದೇ ಕಥೆ. ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ನಾನ್ ಪುಟ ತುಂಬ ಇವೆ. ರಾಗಿಮುದ್ದೆ, ಬಸ್ಸಾರು, ಉಪ್ಸಾರು ಮಧ್ಯಾಹ್ನ ಮಾತ್ರ, ಅದೂ ಮೊದಲೇ ಹೇಳಿದರೆ. ಒಂದು ಮಧ್ಯಾಹ್ನ ಹೇಳಿ ಮಾಡಿಸಿದ ಬಸ್ಸಾರು ಬಹಳ ಚೆನ್ನಾಗಿತ್ತು, ಸೊಪ್ಪು ಮತ್ತು ಕಾಳು ಬಸಿದ ಪಲ್ಯ ಇನ್ನೂ ಚೆನ್ನಾಗಿತ್ತು.

ಈ ಹೋಟೆಲಿನ ನಿಜವಾದ ಬೆಲೆ ಗೊತ್ತಾದದ್ದು ಪ್ರವಾಸದ ಮೇಜಿನಲ್ಲಿ. ಅಲ್ಲಿ ಕುಳಿತಿದ್ದ ಹಿರಿಯರು ಜಿಲ್ಲೆಯನ್ನು ಅಂಗೈಯಂತೆ ಬಲ್ಲವರು. ಬೇಲೂರಿಗೆ ಹೋಗುವ ದಾರಿಯಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಾಲಯವನ್ನು ನೋಡದೆ ಮುಂದೆ ಹೋಗಬಾರದೆಂದೂ, ನಾಲ್ಕು ಗರ್ಭಗುಡಿಗಳಿರುವ ಆ ಗುಡಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ಕ್ಕಿಂತಲೂ ತುಸು ಹಿಂದಿನದೆಂದೂ, ಮೆಟ್ಟಿಲು ಕಡಿಮೆ ಇರುವುದರಿಂದ ಹಿರಿಯರಿಗೆ ಅನುಕೂಲವೆಂದೂ ತಿಳಿಸಿದವರು ಅವರೇ. ಶ್ರವಣಬೆಳಗೊಳಕ್ಕೆ ಹೊರಟಾಗ, ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಕಾದುಬಿಡುತ್ತದೆ ಎಂದು ಹೇಳಿ, ಕಾಲುಚೀಲ ಇಟ್ಟುಕೊಳ್ಳಿ, ಡೋಲಿಯವರು ಕೆಳಗೇ ಸಿಗುತ್ತಾರೆ, ದರವನ್ನು ಮೊದಲೇ ಮಾತಾಡಿಕೊಳ್ಳಿ ಎಂದು ಎಚ್ಚರಿಸಿದರು. ಬೆಳಗ್ಗೆ ಆರಕ್ಕೆ ಹೊರಡುವವರಿಗೆ ಏಳೂವರೆಗೆ ಶುರುವಾಗುವ ತಿಂಡಿಯಿಂದ ಉಪಯೋಗವಿಲ್ಲವೆಂದು ಅವರೇ ಅಡುಗೆಮನೆಗೆ ಹೇಳಿ, ಇಡ್ಲಿ ಮತ್ತು ಗಟ್ಟಿ ಚಟ್ನಿಯನ್ನು ಕಟ್ಟಿಸಿ ಕಾರಿನಲ್ಲಿ ಇಡಿಸಿದ್ದರು. ಕೋಣೆಯ ಟಿವಿ ಎಷ್ಟು ದೊಡ್ಡದೆಂಬುದು ನನಗೆ ನೆನಪಿಲ್ಲ. ಆ ಪೊಟ್ಟಣ ನೆನಪಿದೆ.

ಬಿಲ್ಲಿನ ಬಗ್ಗೆ ಎರಡು ಸಂಗತಿ ತಿಳಿದಿರುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಆದ್ದರಿಂದ 7,400ರ ಕೋಣೆಗೂ 7,600ರ ಕೋಣೆಗೂ ಕೊಡಬೇಕಾದ ಒಟ್ಟು ಹಣದಲ್ಲಿ ವ್ಯತ್ಯಾಸ ಇನ್ನೂರು ರೂಪಾಯಿಯಲ್ಲ, ಸಾವಿರದ ಇನ್ನೂರರ ಹತ್ತಿರ. ಈ ಗೆರೆಯ ಆಚೆ ಈಚೆ ಇರುವ ಕೋಣೆಗಳಲ್ಲಿ ಯಾವುದನ್ನು ಆರಿಸಬೇಕೆಂದು ಕಾದಿರಿಸುವ ಮೊದಲೇ ನೋಡಿಕೊಳ್ಳಬೇಕು. ಇನ್ನೊಂದು, ರಾತ್ರಿ ಊಟದ ಬಿಲ್ಲಿನಲ್ಲಿ ನಮ್ಮನ್ನು ಕೇಳದೆಯೇ ಸೇವಾ ಶುಲ್ಕವನ್ನು ಸೇರಿಸಿದ್ದರು. ಹೀಗೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹೇಳಿದ ತಕ್ಷಣ ತೆಗೆದುಹಾಕಿದರು, ಕ್ಷಮೆಯನ್ನೂ ಕೇಳಿದರು. ಆದರೆ ಕೇಳದೆ ಕೊಟ್ಟು ಹೋಗುವ ಅತಿಥಿಗಳೇ ಹೆಚ್ಚಿರುವುದರಿಂದ ಈ ರೂಢಿಯನ್ನೇ ನಿಲ್ಲಿಸಬೇಕು. ತೆಗೆಯಲು ಒಪ್ಪದವರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಡಿಸಿದ ಹುಡುಗನಿಗೆ ನಾವು ಸಂತೋಷದಿಂದಲೇ ಕೈಯಲ್ಲಿ ಕೊಟ್ಟೆವು.

ಹಿರಿಯರೊಂದಿಗೆ ಹೊಯ್ಸಳರ ಗುಡಿಗಳನ್ನು ನೋಡಲು ಬರುವವರಿಗೆ ಊರ ಹೊರಗಿನ ರೆಸಾರ್ಟಿಗಿಂತ ಇಂಥ ನಡುವೂರಿನ ಹೋಟೆಲೇ ವಾಸಿ ಎಂಬುದು ನನ್ನ ಅಭಿಪ್ರಾಯ. ಔಷಧದಂಗಡಿ, ಆಸ್ಪತ್ರೆ ಕೂಗಳತೆಯಲ್ಲಿರುತ್ತವೆ, ರಾತ್ರಿ ಕತ್ತಲೆಯ ತೋಟದ ದಾರಿಯಲ್ಲಿ ಹೋಗಬೇಕಾಗುವುದಿಲ್ಲ. ಕಾದಿರಿಸುವಾಗ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಸುಮ್ಮನಾಗದೆ ಹೋಟೆಲಿಗೇ ಫೋನ್ ಮಾಡಿ, ಹಿಂಭಾಗದ ಕೋಣೆ ಬೇಕೆಂದು ಹೇಳಿ, ಆ ದಿನ ಪಾರ್ಟಿ ಹಾಲ್‌ನಲ್ಲಿ ಕಾರ್ಯಕ್ರಮವಿದೆಯೇ ಎಂದು ವಿಚಾರಿಸಿಕೊಳ್ಳಿ. ಆಶ್ವಯುಜದಲ್ಲಿ, ದೀಪಾವಳಿಯ ಆಸುಪಾಸು, ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುವುದರಿಂದ ನಗರದಲ್ಲಿ ಕೋಣೆ ಸಿಗುವುದೇ ಕಷ್ಟ. ಆಗ ಬರುವವರು ತಿಂಗಳುಗಳ ಮೊದಲೇ ಮಾತಾಡಿ, ರದ್ದುಪಡಿಸಿದರೆ ಹಣ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು.