ದೋಸೆಗೆ ನಾಲ್ಕು ಅಂಕ, ಬಿಲ್ಲಿಗೆ ಐದು

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ಆರೇಳು ಮೇಜುಗಳ ಹೋಟೆಲ್ ಇದೆ. ಎ.ಸಿ. ಇಲ್ಲ, ಇರುವ ಫ್ಯಾನುಗಳಲ್ಲಿ ಒಂದು ಕಿರುಗುಟ್ಟುತ್ತದೆ. ಮಸಾಲೆ ದೋಸೆ ಚೆನ್ನಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂಚು ಗರಿಗರಿ, ನಡು ಮೆತ್ತಗೆ, ಒಳಗೆ ತೆಳುವಾಗಿ ಸವರಿದ ಕೆಂಪು ಚಟ್ನಿ. ಪಲ್ಯದ ಆಲೂಗಡ್ಡೆಯನ್ನು ಕಿವುಚಿ ಮುದ್ದೆ ಮಾಡದೆ ತುಂಡು ತುಂಡಾಗಿಯೇ ಬಿಟ್ಟಿರುತ್ತಾರೆ. ಆಲೂಗಡ್ಡೆ ಬೆಳೆಯುವ ಜಿಲ್ಲೆಯಲ್ಲಿ ಅದಕ್ಕೆ ಅಷ್ಟಾದರೂ ಮರ್ಯಾದೆ ಸಿಗಬೇಕು. ಸಾಂಬಾರಿಗೆ ಬೆಲ್ಲ ಜಾಸ್ತಿ. ಒಂದು ಅಂಕ ಕಳೆದದ್ದು ಅಲ್ಲೇ.

ನಾನು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಅಂಗಡಿಗಳ ರಿಟರ್ನ್ ಸಲ್ಲಿಸುವ ಕೆಲಸದವಳು. ತಿಂದಾದ ಮೇಲೆ ಉಳಿದವರ ಕೈ ಸೋಂಪಿನ ಬಟ್ಟಲಿಗೆ ಹೋದರೆ ನನ್ನ ಕೈ ಬಿಲ್ಲಿಗೆ ಹೋಗುತ್ತದೆ. ಇಲ್ಲಿನ ಬಿಲ್ಲಿನ ತಲೆಯಲ್ಲೇ, ತಾವು ಕಾಂಪೊಸಿಷನ್ ತೆರಿಗೆದಾರರು, ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ ಎಂಬ ಸಾಲು ಅಚ್ಚಾಗಿದೆ. ಕೆಳಗೆ ದೋಸೆ 60, ಕಾಫಿ 20, ಒಟ್ಟು 80. ಮುಗಿಯಿತು. ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿ ದಾಟದ ಹೋಟೆಲಿನವರು ಕಾಂಪೊಸಿಷನ್ ಎಂಬ ಈ ಸರಳ ಜಿಎಸ್‌ಟಿ ಯೋಜನೆಗೆ ಸೇರಬಹುದು, ವಹಿವಾಟಿನ ಶೇ. 5ರಷ್ಟನ್ನು ತಮ್ಮ ಜೇಬಿನಿಂದ ಕಟ್ಟಬೇಕು. ಪೇಟೆಯ ಇನ್ನೊಂದು ಕಡೆ ಇದೇ ಸಾಲನ್ನು ಅಚ್ಚು ಹಾಕಿಸಿ, ಅದರ ಕೆಳಗೇ ಶೇ. 5 ಕೂಡಿಸಿದ ಬಿಲ್ಲನ್ನು ನನ್ನ ಮುಂದಿಟ್ಟಿದ್ದರು. ಕೇಳಿದ್ದಕ್ಕೆ, “ಕಂಪ್ಯೂಟರೇ ಹಾಕುತ್ತದೆ ಮೇಡಂ” ಎಂಬ ಉತ್ತರ ಬಂತು.

ದೋಸೆಯ ಬಿಲ್ಲಿಗಾಗಿ ಸಂವಿಧಾನವನ್ನು ಎರಡು ಸಲ ತಿದ್ದಿದ್ದಾರೆ ಎಂದರೆ ಜೊತೆಗೆ ಬಂದವರು ನಗುತ್ತಾರೆ. ಮಾರಾಟದ ಮೇಲಿನ ತೆರಿಗೆ ರಾಜ್ಯಗಳದ್ದಾಗಿತ್ತು. ಹೋಟೆಲಿನಲ್ಲಿ ಊಟ ಬಡಿಸುವುದು ಮಾರಾಟವೇ ಅಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳು ಸುಮ್ಮನಿರುತ್ತವೆಯೇ? 1982ರ 46ನೇ ತಿದ್ದುಪಡಿ ಬಂದು, ಬಡಿಸಿದ ಊಟವನ್ನೂ ಸರಕಿನ ಮಾರಾಟವೆಂದೇ ಭಾವಿಸಬೇಕು ಎಂದಾಯಿತು. ಮುಂದೆ ಕೇಂದ್ರ ಸರ್ಕಾರ ಎ.ಸಿ. ಹೋಟೆಲುಗಳ ಬಿಲ್ಲಿನ ಶೇ. 40 ಭಾಗವನ್ನು ಸೇವೆ ಎಂದು ಲೆಕ್ಕ ಹಿಡಿದು ಸೇವಾ ತೆರಿಗೆ ಹಾಕಿತು. ಮಾರಾಟದ ಮೇಲಿನ ರಾಜ್ಯದ ತೆರಿಗೆ, ವ್ಯಾಟ್, ಬೇರೆ. ಆ ಕಾಲದ ಬಿಲ್ಲುಗಳನ್ನು ಲೆಕ್ಕಕ್ಕೆ ಬರೆದವರಿಗೇ ಅದರ ಪಾಡು ಗೊತ್ತು. 2016ರ 101ನೇ ತಿದ್ದುಪಡಿ 246ಎ ವಿಧಿಯನ್ನು ಸೇರಿಸಿ, ಸರಕು ಮತ್ತು ಸೇವೆ ಎರಡರ ಮೇಲೂ ಕೇಂದ್ರ, ರಾಜ್ಯ ಇಬ್ಬರೂ ತೆರಿಗೆ ಹಾಕಬಹುದು ಎಂದ ಮೇಲೆ ಈ ಜಗ್ಗಾಟ ನಿಂತಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹೋಟೆಲುಗಳಿಗೆ ಶೇ. 12 ಮತ್ತು 18ರ ದರವಿತ್ತು. ನವೆಂಬರ್ 15ರಿಂದ ಬಹುತೇಕ ಎಲ್ಲ ಹೋಟೆಲುಗಳಿಗೂ ಶೇ. 5 ಆಯಿತು.

ದರ ಶಿಫಾರಸು ಮಾಡುವುದು ಸಂವಿಧಾನದ 279ಎ ವಿಧಿಯ ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ಮುಕ್ಕಾಲು ಭಾಗ ಬೇಕು. ಅಂದರೆ ಕೇಂದ್ರ ಒಲ್ಲೆ ಎಂದರೆ ರಾಜ್ಯಗಳೆಲ್ಲ ಒಟ್ಟಾದರೂ ಕೆಲಸ ಆಗದು. ಇದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಇನ್ನೊಂದು ತಕರಾರು ಅಡುಗೆಮನೆಯದು. ತೆರಿಗೆಯ ಮೇಲೆ ತೆರಿಗೆ ಬೀಳಬಾರದು ಎಂಬುದು ಜಿಎಸ್‌ಟಿ ತಂದ ತಿದ್ದುಪಡಿಯ ಮುಖ್ಯ ಉದ್ದೇಶವಾಗಿತ್ತು. ಆದರೆ ಶೇ. 5ರ ಹೋಟೆಲಿನವರಿಗೆ, ಕಾಂಪೊಸಿಷನ್ ಇರಲಿ ಇಲ್ಲದಿರಲಿ, ಕೊಂಡ ಸಾಮಾನಿಗೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ. ಗಲ್ಲಾದಲ್ಲಿ ಕೂರುವ ಯಜಮಾನರು ನನ್ನ ಕೆಲಸ ಗೊತ್ತಾದ ದಿನವೇ ಗ್ಯಾಸಿನ ಬಿಲ್ ತೆಗೆದು ತೋರಿಸಿದರು. ವಾಣಿಜ್ಯ ಸಿಲಿಂಡರಿಗೆ ಶೇ. 18 ತೆರಿಗೆ. “ಇದನ್ನು ಎಲ್ಲಿ ಕಳೆಯಲಿ ಮೇಡಂ?” ಎಂದು ಕೇಳಿದರು. ಕಳೆಯುವಂತಿಲ್ಲ ಎಂದೆ. “ಹಾಗಾದರೆ ದೋಸೆಗೇ ಕೂಡಿಸುತ್ತೇನೆ” ಎಂದು ಬಿಲ್ಲನ್ನು ಮಡಚಿ ಡ್ರಾಯರಿಗೆ ಹಾಕಿದರು. 60 ರೂಪಾಯಿಯಲ್ಲಿ ಅದೂ ಸೇರಿದೆ. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೆ.

2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ದೋಸೆಯ ಮೇಲಿನ ಬೆಣ್ಣೆಯುಂಡೆ ದಪ್ಪವಾಗಿದೆಯೇ ಎಂದು ಕಣ್ಣಿಟ್ಟು ನೋಡಿದೆ. ಗೋಲಿಯಷ್ಟೇ ಇದೆ.

ಕಾಫಿ ಗಟ್ಟಿ, ಲೋಟ ತುಂಬ ಕೊಡುತ್ತಾರೆ. ಮೊಬೈಲಿನಲ್ಲಿ ಹಣ ಕೊಡಬಹುದು, ಚಿಲ್ಲರೆಗೆ ಮುಖ ಗಂಟಿಕ್ಕುವುದಿಲ್ಲ. ಭಾನುವಾರ ರಜೆ. ಬೆಳಗ್ಗೆ ಬೇಗ ಹೋದರೆ ಕಡುಬೂ ಸಿಗುತ್ತದೆ, ಒಂಬತ್ತರ ಮೇಲೆ ಕೇಳಬೇಡಿ.