ಹಗ್ಗ ಎಳೆಯುವವರ ಮೈಗೂ ಸರಿಹೋಗುವ ಜೆರ್ಸಿ

ನಮ್ಮದು ತೀರ್ಥಹಳ್ಳಿ ಕಡೆಯ ಹಗ್ಗಜಗ್ಗಾಟದ ತಂಡ. ಮೈಗೆ ಹಗ್ಗ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವವನು ನಾನು. ರೆಡಿಮೇಡ್ ಜೆರ್ಸಿ ನನಗೆ ಆಗಿಬರುವುದಿಲ್ಲ. ಎದೆಗೆ ಸರಿಯಾದರೆ ಹೊಟ್ಟೆ ಹತ್ತಿರ ಬಿಗಿ, ಹೊಟ್ಟೆಗೆ ಸರಿಯಾದರೆ ಭುಜ ಜೋತು ಬೀಳುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ್ದು ಈಗ ಬೈಕ್ ಒರೆಸುವುದಕ್ಕಿದೆ. ಅದಕ್ಕೇ ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ, ಅಳತೆ ತಗೊಂಡು ಹೊಲಿದುಕೊಡುವ ಅಂಗಡಿಗೆ ಹೋದೆ.

ಬೆನ್ನ ಮೇಲೆ ‘ಪೇಸ್, 75’ ಹಾಕಿ ಎಂದೆ. “ಯಾರಣ್ಣ ಇವ್ನು? ಎಷ್ಟು ಗೋಲ್ ಹೊಡ್ದಿದಾನೆ?” ಅಂದರು ಅಂಗಡಿಯವರು.

ಗೋಲ್ ಹೊಡೆಯೋದು ಅವನ ಕೆಲಸವೇ ಅಲ್ಲ. ಆರ್ಲಾಂಡೊ ಪೇಸ್ ಅಮೆರಿಕನ್ ಫುಟ್‌ಬಾಲ್‌ನ ಅಫೆನ್ಸಿವ್ ಲೈನ್‌ಮನ್. 6 ಅಡಿ 7 ಇಂಚು ಆಳು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ಬೀಳದ ಹಾಗೆ ತಡೆಯಬೇಕು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿಕೊಡಬೇಕು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪರ ಆಡುವಾಗ 1995, 1996 ಎರಡೂ ವರ್ಷ ಕಾಲೇಜು ಫುಟ್‌ಬಾಲ್‌ನ ಲೊಂಬಾರ್ಡಿ ಪ್ರಶಸ್ತಿ ಅವನಿಗೇ. ಅದನ್ನು ಎರಡು ಸಲ ಗೆದ್ದ ಮೊದಲಿಗ. 1996ರಲ್ಲಿ ಲೈನ್‌ಮನ್‌ಗಳಿಗೇ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯೂ ಬಂತು. ಅದೇ ವರ್ಷ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ನಾಲ್ಕನೇ ಸ್ಥಾನ. ಆ ಪ್ರಶಸ್ತಿ ಹೆಚ್ಚಾಗಿ ಎಸೆಯುವವರ, ಓಡುವವರ ಪಾಲು. ಬರೀ ತಡೆಯುವವನು ಅಲ್ಲಿಗೆ ಬಂದಿದ್ದು ಸುಮ್ನೆ ಮಾತಲ್ಲ. ಎದುರಾಳಿಯನ್ನು ಅಂಗಾತ ಕೆಡವುವುದಕ್ಕೆ ಅಲ್ಲಿ ಪ್ಯಾನ್‌ಕೇಕ್ ಅಂತಾರೆ. ಇವನ ಪ್ರಚಾರಕ್ಕೆ ಕಾಲೇಜಿನವರು ಪ್ಯಾನ್‌ಕೇಕ್ ಆಕಾರದ ಮ್ಯಾಗ್ನೆಟ್ಟನ್ನೇ ಹಂಚಿದ್ದರು! ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 1997ರ ಡ್ರಾಫ್ಟ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡಿದ್ದು ಇವನನ್ನೇ. 2013ರಲ್ಲಿ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, 2016ರಲ್ಲಿ ವೃತ್ತಿಪರ ಆಟಗಾರರದ್ದು.

“ಹಂಗಾದ್ರೆ ನಿಮ್ ಥರಾನೇ ಅನ್ನಿ” ಎಂದು ಟೇಪ್ ತಗೊಂಡರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಳತೆ ತಗೊಂಡ ರೀತಿ ನೋಡಬೇಕು. ನೆಟ್ಟಗೆ ನಿಲ್ಲಿಸಿ ಅಳೆದ ಮೇಲೆ, “ಈಗ ಹಗ್ಗ ಎಳೆಯೋ ಹಾಗೆ ನಿಲ್ಲಿ” ಅಂದರು. ಕೈ ಮುಂದೆ ಚಾಚಿ, ಹಿಂದಕ್ಕೆ ವಾಲಿ ನಿಂತೆ. ಬೆನ್ನಿನ ಅಳತೆ ಮತ್ತೆ ತಗೊಂಡರು. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೇ ತೋರಿಸಿದರು. ಕಂಕುಳಲ್ಲಿ ಚೌಕದ ಒಂದು ತುಂಡು ಸೇರಿಸಿ ಹೊಲಿದಿದ್ದಾರೆ. ಎಷ್ಟು ಜಗ್ಗಿದರೂ ಹೊಲಿಗೆ ಬಿಟ್ಟಿಲ್ಲ, ಜೆರ್ಸಿ ಹೊಟ್ಟೆ ಮೇಲಕ್ಕೆ ಏರಿಲ್ಲ.

ಬಟ್ಟೆ ಡಾಟ್ ನಿಟ್, ಪ್ರಿಂಟ್ ಸಬ್ಲಿಮೇಷನ್. ನಂಬರ್ ಅಂಟಿಸಿದ್ದಲ್ಲ, ಬಣ್ಣ ಬಟ್ಟೆಯೊಳಗೇ ಇಳಿದಿದೆ. ಕೆಸರುಗದ್ದೆ ಆಟದಲ್ಲಿ ಹೊರಳಾಡಿ ಬಂದು ಒಗೆದರೂ ಎದ್ದಿಲ್ಲ. ನಮ್ಮ ಮಳೆಗಾಲದಲ್ಲಿ ಕಾಟನ್ ಒಣಗೋದೇ ಇಲ್ಲ ಅಲ್ವಾ? ಇದು ಬಚ್ಚಲೊಲೆ ಕಡೆಯ ತಂತಿ ಮೇಲೆ ಹಾಕಿದರೆ ಬೆಳಗ್ಗೆ ಹೊತ್ತಿಗೆ ಗರಿಗರಿ. 480 ರೂಪಾಯಿ. ಹೆಚ್ಚು ಬಟ್ಟೆ ಹಿಡಿಯುತ್ತೆ ಅಂತ ನನ್ನ ಹತ್ತಿರ ಜಾಸ್ತಿ ಕೇಳಲಿಲ್ಲ.

ಕಾಲರ್ ಮಾತ್ರ ಬಿಗಿ, ಬೆವರಿದಾಗ ಕತ್ತು ಉಜ್ಜುತ್ತದೆ. ಹೇಳಿದ ದಿನಕ್ಕೆ ಕೊಡಲೂ ಇಲ್ಲ. “ಇಸ್ತ್ರಿ ಒಂದು ಬಾಕಿ” ಅಂತ ಕೂರಿಸಿದರು, ತೀರ್ಥಹಳ್ಳಿ ಬಸ್ ಹೋಯಿತು. ಅದಕ್ಕೆ ಒಂದು ಸ್ಟಾರ್ ಕಟ್. ಇಡೀ ತಂಡಕ್ಕೆ ಹೊಲಿಸುವುದಿದ್ದರೆ ದಸರಾ ಹತ್ತಿರ ಬರುವವರೆಗೆ ಕಾಯಬೇಡಿ, ಆಗ ಕಬಡ್ಡಿ, ವಾಲಿಬಾಲ್ ತಂಡದವರ ಆರ್ಡರ್ ರಾಶಿ ಬಿದ್ದಿರುತ್ತದೆ. ಕಾಲರ್ ಬೇಡ ಅಂತ ಮೊದಲೇ ಹೇಳಿದರೆ ಅದೇ ರೇಟಿಗೆ ರೌಂಡ್ ನೆಕ್ ಮಾಡಿಕೊಡುತ್ತಾರೆ.