ವೈಟ್ ಸ್ಪಾಟ್‌ಗೆ ಔಷಧಿ ಹಾಕಿ ಫಿಲ್ಟರ್ ಆಫ್ ಮಾಡಿ ಅಂದ್ರೆ ದಯವಿಟ್ಟು ಕೇಳ್ಬೇಡಿ

ಅಕ್ವೇರಿಯಂ ಇಟ್ಕೊಂಡಿರೋರು, ಅದ್ರಲ್ಲೂ ಮಿಸ್ ಕೇರಳ, ಲೋಚ್ ಥರ ಹರಿಯೋ ನೀರಿನ ಮೀನು ಸಾಕಿರೋರು ಪೂರ್ತಿ ಓದಿ. ಈಗ ಯಾರಾದ್ರೂ ಟ್ಯಾಂಕಿಗೆ ಔಷಧಿ ಹಾಕಿ ಫಿಲ್ಟರ್ ನಿಲ್ಸಿದ್ರೆ ಮೊದ್ಲು ಎದ್ದು ಹೋಗಿ ಸ್ವಿಚ್ ಹಾಕಿ ಬನ್ನಿ, ಆಮೇಲೆ ಓದಿದ್ರಾಯ್ತು (ಕ್ಯಾನಿಸ್ಟರ್, ಅಂದ್ರೆ ಟ್ಯಾಂಕಿನ ಹೊರಗಿಡೋ ಮುಚ್ಚಿದ ಡಬ್ಬಿ ಥರದ ಫಿಲ್ಟರ್, ಗಂಟೆಗಟ್ಲೆ ನಿಂತಿದ್ರೆ ಮಾತ್ರ ಮೊದ್ಲು ಕೊನೇಲಿ ಹೇಳಿರೋ ಥರ ತೊಳೀರಿ).

ಬೆಂಗಳೂರಲ್ಲಿ ನಮ್ಮನೇದು ನಾಲ್ಕಡಿ ಟ್ಯಾಂಕು, ಗಿಡ ಜಾಸ್ತಿ, ಆರು ಮಿಸ್ ಕೇರಳ, ಒಂದು ಜೋಡಿ ಪರ್ಲ್ ಗೋರಾಮಿ, ಒಂದಷ್ಟು ಟೆಟ್ರಾ ಇದ್ವು. ಈ ಬೇಸಿಗೇಲಿ ಹೊಸ ಟೆಟ್ರಾ ತಂದ್ಮೇಲೆ ಎಲ್ಲಕ್ಕೂ ವೈಟ್ ಸ್ಪಾಟ್ ರೋಗ ಶುರುವಾಯ್ತು, ಮೈ ಮೇಲೆ ಉಪ್ಪು ಉದುರ್ಸಿದಂಗೆ ಚುಕ್ಕಿ. ಮೀನು ಕೊಟ್ಟ ಅಂಗಡಿಯವ್ರನ್ನೇ ಕೇಳ್ದೆ. "ಟೆನ್ಶನ್ ಬೇಡ ಸಾರ್, ಹೀಟರ್ 31ಕ್ಕೆ ಇಡಿ, ಈ ಡ್ರಾಪ್ಸ್ ಹಾಕಿ, ಫಿಲ್ಟರ್ ಆಫ್ ಮಾಡ್ಬಿಡಿ, ಇಲ್ಲಾಂದ್ರೆ ಔಷಧೀನೆಲ್ಲ ಅದೇ ಎಳ್ಕೊಂಡ್ಬಿಡುತ್ತೆ, ಮೇಲೆ ಬಟ್ಟೆ ಮುಚ್ಚಿ ಬೆಳಿಗ್ಗೆ ನೋಡಿ" ಅಂದ್ರು. ಏರ್ ಪಂಪ್ ಹಾಕ್ಲಾ ಅಂದಿದ್ದಕ್ಕೆ "ಅಷ್ಟು ಗಿಡ ಇದ್ಯಲ್ಲ ಸಾರ್, ಆಕ್ಸಿಜನ್ ಅದೇ ಕೊಡುತ್ತೆ" ಅಂತ ಉತ್ತರ. ಔಷಧಿ ಕೊಟ್ಟಿದ್ದು ಲೇಬಲ್ಲೇ ಇಲ್ದಿರೋ ಪುಟ್ಟ ಬಾಟಲೀಲಿ, ದೊಡ್ಡ ಕ್ಯಾನಿಂದ ಬಗ್ಗಿಸಿ. ಇದ್ರಲ್ಲಿ ಏನಿದೆ ಅಂತ ಎರಡು ಸಲ ಕೇಳಿದ್ಮೇಲೆ ಮಲಾಕೈಟ್ ಗ್ರೀನ್, ಫಾರ್ಮಲಿನ್ ಅಂತ ಹೇಳಿದ್ರು.

ಅವ್ರು ಹೇಳಿದ ಪ್ರಕಾರಾನೇ ಮಾಡ್ದೆ. ಬೆಳಿಗ್ಗೆ ಬಟ್ಟೆ ತೆಗೆದ್ರೆ ಆರಕ್ಕೆ ಆರೂ ಮಿಸ್ ಕೇರಳ ತಳದಲ್ಲಿ ಬಿದ್ದಿದ್ವು, ಬಾಯಿ ಪೂರ್ತಿ ತೆರ್ಕೊಂಡು, ಕಿವಿರಿನ ಮುಚ್ಚಳ ಎರಡೂ ಕಡೆ ಅಗಲವಾಗಿ ಎದ್ದು ಹಂಗೇ ಸೆಟೆದುಕೊಂಡು. ಟೆಟ್ರಾಗಳು ನೀರಿನ ಮೇಲ್ಮೈಗೆ ಬಾಯಿ ಅಂಟಿಸ್ಕೊಂಡು ಏದುಸಿರು ಬಿಡ್ತಿದ್ವು. ಗೋರಾಮಿಗಳು ಮಾತ್ರ ಏನೂ ನಡೆದೇ ಇಲ್ಲ ಅನ್ನೋ ಥರ ಊಟಕ್ಕೆ ಬಂದ್ವು.

ಫೋನ್ ಮಾಡಿದ್ರೆ "ನಿಮ್ ಬೋರ್ ನೀರು ಸರಿಯಿಲ್ಲ ಸಾರ್, ಅಮೋನಿಯಾ ಆಗಿರುತ್ತೆ" ಅಂತೆ. ಅಮೋನಿಯಾ ಅಂದ್ರೆ ಮೀನಿನ ಹೇಸಿಗೆಯಿಂದ ನೀರಲ್ಲಿ ಸೇರೋ ವಿಷ. ಟೆಸ್ಟ್ ಮಾಡ್ದೆ, ಕಿಟ್‌ನ ಬಣ್ಣ ಹಳದಿಯಿಂದ ಕದಲ್ಲಿಲ್ಲ, ಅಂದ್ರೆ ಅಮೋನಿಯಾ ಸೊನ್ನೆ. ಅಮೋನಿಯಾ ಆಗಿದ್ರೆ ಗೋರಾಮಿಗೂ ಬಡೀಬೇಕಿತ್ತು ತಾನೇ? ಗೋರಾಮಿ, ಬೆಟ್ಟಾ ಇವಕ್ಕೆ ಕಿವಿರಿನ ಜೊತೆ ಲ್ಯಾಬಿರಿಂತ್ ಅನ್ನೋ ಅಂಗ ಇರುತ್ತೆ, ಮೇಲೆ ಬಂದು ನೇರವಾಗಿ ಗಾಳಿ ಗುಟುಕರಿಸುತ್ವೆ, ಅದಕ್ಕೇ ಬದುಕಿದ್ದು. ಆಕ್ಸಿಜನ್ ಕಮ್ಮಿಯಾದ್ರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದ್ಲು ಹೋಗುತ್ತೆ, ಚಿಕ್ಕವು ಕೊನೇವರೆಗೂ ಒದ್ದಾಡ್ತಿರುತ್ವೆ. ಬಾಯಿ, ಕಿವಿರು ತೆರ್ಕೊಂಡು ಸಾಯೋದೂ ಅದೇ ಲಕ್ಷಣ.

ಈಗ ಆ ಸಲಹೇನ ಒಂದೊಂದಾಗಿ ನೋಡಿ. 25 ಡಿಗ್ರಿ ನೀರಲ್ಲಿ ಹೆಚ್ಚೆಂದ್ರೆ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಆಕ್ಸಿಜನ್ ಕರಗುತ್ತೆ, 31ಕ್ಕೆ ಏರ್ಸಿದ್ರೆ ಸುಮಾರು 7.4. ಇದು ಸಮುದ್ರಮಟ್ಟದ ಲೆಕ್ಕ, ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದ್ರಿಂದ ಇಲ್ಲಿ ಅದ್ರಲ್ಲೂ ಹತ್ತರಲ್ಲಿ ಒಂದು ಪಾಲು ಖೋತಾ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗೋ ಆಕ್ಸಿಜನ್ ಜಾಸ್ತಿ ಬೇರೆ. ಫಾರ್ಮಲಿನ್ ನೀರಲ್ಲಿರೋ ಆಕ್ಸಿಜನ್ನೂ ತಿನ್ನುತ್ತೆ. ಇನ್ನು ಗಿಡ! ಬೆಳಕಿದ್ದಾಗ ಕೊಡುತ್ತೆ ನಿಜ, ಕತ್ತಲಾದ್ಮೇಲೆ ಅದೂ ಉಸಿರಾಡೋದು ಅದೇ ನೀರಿಂದ, ಅದಕ್ಕೇ ಗಿಡದ ಟ್ಯಾಂಕಲ್ಲಿ ಬೆಳಗಿನ ಜಾವ ಆಕ್ಸಿಜನ್ ತೀರಾ ಕಮ್ಮಿ ಇರುತ್ತೆ. ವೈಟ್ ಸ್ಪಾಟ್ ಕಿವಿರಿಗೂ ಹತ್ತೋ ರೋಗ, ಅಂದ್ರೆ ಮೊದ್ಲೇ ಉಸಿರಾಟಕ್ಕೆ ಕಷ್ಟಪಡ್ತಿರೋ ಮೀನು. ಅದ್ರ ಮೇಲೆ ನೀರಿನ ಮೇಲ್ಮೈ ಕದಡ್ತಿದ್ದ ಒಂದೇ ಒಂದು ಫಿಲ್ಟರ್ ಬಂದ್ ಮಾಡ್ಸಿ, ಮೇಲೆ ಬಟ್ಟೆ ಹೊದಿಸಿ ಅಂದ್ರೆ ಇದಕ್ಕೆ ಚಿಕಿತ್ಸೆ ಅಂತಾರಾ?

ಮಿಸ್ ಕೇರಳ ಅಂತೂ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕೇರಳಕ್ಕೆ ಇಳಿಯೋ ಚಂದ್ರಗಿರಿ, ವಳಪಟ್ಟಣಂ ಥರದ ಹೊಳೆಗಳ ಮೀನು, ಕಲ್ಲಿಗೆ ಬಡ್ಕೊಂಡು ನೊರೆ ಎದ್ದು ಹರಿಯೋ ತಣ್ಣೀರಲ್ಲಿ ಬೆಳೆಯೋದು. ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ ಅದು. ಅದನ್ನ ತಂದು ಮಾರೋರಿಗೆ ಇಷ್ಟು ಗೊತ್ತಿರ್ಬೇಡ್ವಾ, ಅದೇ ನಂಗೆ ಹೊಟ್ಟೆ ಉರಿಯೋದು.

ಔಷಧಿ ಹಾಕುವಾಗ ಫಿಲ್ಟರಿಂದ ತೆಗೀಬೇಕಾಗಿರೋದು ಕಾರ್ಬನ್ ಮಾತ್ರ, ಔಷಧಿ ಎಳ್ಕೊಳೋದು ಅದು. ಯುವಿ ಲೈಟ್ ಇದ್ರೆ ಅದನ್ನ ಆರ್ಸಿ. ಫಿಲ್ಟರ್ ಓಡ್ತಾನೇ ಇರ್ಲಿ, ಅದ್ರೊಳಗೆ ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾಗೂ ಆಕ್ಸಿಜನ್ ಬೇಕು. ಜೊತೆಗೆ ಏರ್ ಪಂಪಿಗೆ ಸಿಕ್ಕಿಸಿ ಗುಳ್ಳೆ ಬಿಡಿಸೋ ಏರ್ ಸ್ಟೋನ್ ಒಂದು ಹಾಕಿ. ಗುಳ್ಳೆ ಚೆನ್ನಾಗಿ ಕಾಣ್ತಿದೆ ಅಂತ ಸುಮ್ನಾಗ್ಬೇಡಿ, ಆಕ್ಸಿಜನ್ ಮುಖ್ಯವಾಗಿ ಒಳಗೆ ಹೋಗೋದು ನೀರಿನ ಮೇಲ್ಮೈಯಿಂದ, ಅಲ್ಲಿ ಅಲೆ ಏಳ್ಬೇಕು. ಹೊಳೆ ಮೀನಿದ್ರೆ ಹೀಟರ್ 31ಕ್ಕೆ ಏರ್ಸೋ ಸಾಹಸ ಬೇಡ.

ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ, ಕಿವಿರು ಪಟಪಟ ಬಡೀತಿದ್ರೆ ಕಾಯ್ಬೇಡಿ. ಜಗ್ಗಲ್ಲಿ ಟ್ಯಾಂಕಿನ ನೀರೇ ಎತ್ತಿ ಎತ್ತರದಿಂದ ಸುರೀತಾ ಇರಿ, ಕ್ಲೋರಿನ್ ತೆಗೆದ ನೀರು ರೆಡಿ ಇದ್ರೆ ಕಾಲು ಭಾಗ ಬದಲಾಯಿಸಿ, ಗಿಡ ಇದ್ರೆ ಲೈಟ್ ಹಾಕಿ. ನಮ್ಮ ಟೆಟ್ರಾಗಳು ಹಿಂಗೇ ಉಳಿದಿದ್ದು. ಕರೆಂಟ್ ಹೋಗೋ ಏರಿಯಾದೋರು ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ಏರ್ ಪಂಪ್ ಒಂದು ಇಟ್ಕೊಳಿ, ಮತ್ತೆ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಲೆ ನಿಂತಿದ್ರೆ ಒಳಗಿನ ಕೊಳೆತ ನೀರು ಚೆಲ್ಲಿ, ಮೀಡಿಯಾನ (ಒಳಗಿರೋ ಸ್ಪಂಜು, ರಿಂಗು) ಟ್ಯಾಂಕ್ ನೀರಲ್ಲಿ ಜಾಲಾಡಿ ಆಮೇಲೆ ಆನ್ ಮಾಡಿ.

ಅಂಗಡಿ ಹೆಸರು ಹಾಕಿ ಅಂತ ಕೇಳ್ಬೇಡಿ, ಇದೇ ಸಲಹೆ ಊರ ತುಂಬಾ ಕೊಡ್ತಾರೆ. ಔಷಧಿ ತಗೊಳೋವಾಗ ಸೀಲ್ ಇರೋ, ಏನಿದೆ ಎಷ್ಟಿದೆ ಅಂತ ಬರೆದಿರೋ ಬಾಟಲಿನೇ ಕೇಳಿ, ಕ್ಯಾನಿಂದ ಬಗ್ಗಿಸಿ ಕೊಟ್ರೆ ಬೇಡ ಅಂತ ವಾಪಸ್ ಬನ್ನಿ.